ಚನ್ನಕೇಶವನ ಎಂಟಡಿ ಆಂಟೆನಾ

ತಿಂಡ್ಲುವಿನ ಚನ್ನಕೇಶವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಕಾಡುಮೇಡು ಅಲೆಯುವ ಆಸೆ ಹುಟ್ಟಿತು. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಅವನು ನಾಲ್ಕು ಅಪಾರ್ಟ್‌ಮೆಂಟ್ ಬೆಳೆದಿದ್ದ. ಇನ್ನೇನು ಬೆಳೆಯೋಣವೆಂದರೆ ನೆಲ ಉಳಿದಿರಲಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ದೊಡ್ಡ ಬಿಳಿ ಜೀಪೊಂದನ್ನು ಕೊಂಡು ಯಲಹಂಕದ ಜೀಪ್ ಕ್ಲಬ್ಬಿಗೆ ಸೇರಿದ. ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ದೇವನಹಳ್ಳಿ ಆಚೆ ಕೆಸರು ಹುಡುಕಿಕೊಂಡು ಹೋಗುತ್ತಿದ್ದರು. ಚನ್ನಕೇಶವ ಇಡ್ಲಿ ತಿನ್ನುವ ತನಕ ಅವರ ಜೊತೆಗಿದ್ದು, ಕೆಸರು ಕಂಡ ಕೂಡಲೇ ಗಾಡಿ ತಿರುಗಿಸುತ್ತಿದ್ದ.

ಅವನ ಕಣ್ಣು ಕುಕ್ಕಿದ್ದು ಕ್ಲಬ್ಬಿನ ಅಧ್ಯಕ್ಷ ಆವಲಪ್ಪನ ಜೀಪಿನ ಮೇಲಿದ್ದ ವೈರ್‌ಲೆಸ್ ಆಂಟೆನಾ. ಐದಡಿಯ ಕಪ್ಪು ಕಡ್ಡಿ, ಗಾಡಿ ಓಡುವಾಗ ತುದಿ ಬಳುಕುತ್ತಿತ್ತು. ಆವಲಪ್ಪ ಹೋದ ಕಡೆಯೆಲ್ಲ ಸೆಕ್ಯೂರಿಟಿಯವರು ಹೆಸರು ಕೇಳದೆ ಗೇಟು ತೆಗೆಯುತ್ತಿದ್ದರು.

ಸೋಮವಾರವೇ ಚನ್ನಕೇಶವ ಆರ್‌.ಟಿ. ನಗರಕ್ಕೆ ಹೋದ. ಅಲ್ಲಿ ನದೀಮ್ ಎಂಬಾತ ಇಪ್ಪತ್ತು ವರ್ಷದಿಂದ ವೈರ್‌ಲೆಸ್ ಸೆಟ್ಟು ರಿಪೇರಿ ಮಾಡಿಕೊಂಡಿದ್ದ.

"ಎಷ್ಟು ದೂರ ಮಾತಾಡ್ಬೇಕು ಸಾರ್?" ಎಂದು ನದೀಮ್ ಕೇಳಿದ.

"ಮಾತು ಆಮೇಲೆ. ಎಷ್ಟು ದೂರದಿಂದ ಕಾಣುತ್ತೆ, ಅದು ಹೇಳು."

ನದೀಮ್ ಅಂಥವರನ್ನು ಮೊದಲೂ ನೋಡಿದ್ದ. "ಕಡ್ಡಿ ಉದ್ದ ಇದ್ದಷ್ಟೂ ಚೆನ್ನಾಗ್ ಕೇಳುತ್ತೆ ಅಂತೇನಿಲ್ಲ ಸಾರ್. ಫ್ರೀಕ್ವೆನ್ಸಿಗೆ ತಕ್ಕ ಉದ್ದ ಇದ್ರೆ ಆಯ್ತು. ನಿಮ್ಮ ಕ್ಲಬ್ಬಿನವರ ಸೆಟ್ಟಿಗೆ ಒಂದೂವರೆ ಅಡಿ ಸಾಕು. ಟಾಪ್ ಮಧ್ಯದಲ್ಲಿ ಕೂರಿಸ್ತೀನಿ. ಕೆಳಗೆ ತಗಡು ಅಗಲವಾಗಿದ್ರೆ ನಾಲ್ಕೂ ದಿಕ್ಕಿಗೆ ಒಂದೇ ಸಮ ಹೋಗುತ್ತೆ. ಒಂದು ಸಣ್ಣ ತೂತು ಹೊಡೀಬೇಕು, ಅಷ್ಟೆ."

"ತೂತಾ? ಹೊಸ ಗಾಡಿಗಾ?" ಚನ್ನಕೇಶವ ಜೀಪಿಗೆ ಅಡ್ಡ ನಿಂತ. "ಮುಂದಿನ ಬಂಪರ್‌ಗೆ ಹಾಕು. ಎಂಟಡೀದು ಹಾಕು. ಒಳಗೆ ಕೂತ್ರೆ ನನಗೂ ಕಾಣ್ಬೇಕು."

"ಮೂಲೇಲಿ ಹಾಕಿದ್ರೆ ಒಂದು ಕಡೆ ಚೆನ್ನಾಗಿ ಹೋಗುತ್ತೆ, ಇನ್ನೊಂದು ಕಡೆ ಸೊರಗುತ್ತೆ. ಆಮೇಲೆ ಸೆಟ್ಟಿಗೆ ಲೈಸೆನ್ಸ್ ಬೇಕು ಸಾರ್, ಪರೀಕ್ಷೆ ಬರೀಬೇಕು. ಅದಿಲ್ಲದೆ ನಾನು ಸೆಟ್ ಕೊಡಲ್ಲ."

ಪರೀಕ್ಷೆ ಎಂದರೆ ಚನ್ನಕೇಶವನಿಗೆ ಆಗದು. ಎಸ್ಸೆಸ್ಸೆಲ್ಸಿಯ ಗಣಿತ ಅವನನ್ನು ಮೂರು ಸಲ ಕೆಡವಿತ್ತು.

"ಬರೀ ಕಡ್ಡಿಗೆ ಲೈಸೆನ್ಸ್ ಬೇಕಾ?"

"ಕಡ್ಡಿಗೆ ಬೇಡ."

"ಹಾಗಾದ್ರೆ ಕಡ್ಡಿ ಹಾಕು."

ನದೀಮ್ ಹಾಕಿದ. ಹೊರಡುವಾಗ ಚನ್ನಕೇಶವ ಕೆಟ್ಟುಹೋದ ಸೆಟ್ಟೊಂದರ ಸುರುಳಿ ವೈರಿನ ಮೈಕನ್ನೂ ಕೇಳಿ ಇಸಿದುಕೊಂಡು, ಡ್ಯಾಶ್‌ಬೋರ್ಡಿಗೆ ನೇತುಹಾಕಿ, ವೈರಿನ ಇನ್ನೊಂದು ತುದಿಯನ್ನು ಸೀಟಿನ ಅಡಿಗೆ ತುರುಕಿದ.

ಮನೆಯ ಮುಂದೆ ಜೀಪು ನಿಂತಾಗ ಹೆಂಡತಿ ವೆಂಕಟಲಕ್ಷ್ಮಮ್ಮ ಕತ್ತೆತ್ತಿ ಕಡ್ಡಿಯ ತುದಿ ಹುಡುಕಿದಳು. "ಇದೇನ್ರೀ, ಮೀನ್ ಇಡ್ಯಕ್ಕೆ ಓಯ್ತಿದೀರಾ?"

ಅವಳು ನಕ್ಕರೂ ಊರು ನಗಲಿಲ್ಲ. ಸಂಜಯನಗರದ ಮದುವೆಯೊಂದರಲ್ಲಿ ಛತ್ರದವರು ಜೀಪಿಗೆ ಬಾಗಿಲ ಎದುರೇ ಜಾಗ ಬಿಡಿಸಿ, ಅವನನ್ನು ಮೊದಲ ಸಾಲಿನ ಸೋಫಾದಲ್ಲಿ ಕೂರಿಸಿದರು. "ಇಂಟೆಲಿಜೆನ್ಸ್ ಕಡೆಯವರಂತೆ" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಚನ್ನಕೇಶವ ಅಲ್ಲವೆನ್ನಲಿಲ್ಲ. ತೊಂದರೆ ಒಂದೇ: ಮನೆ ಹತ್ತಿರದ ರೈಲ್ವೆ ಅಂಡರ್‌ಪಾಸಿನ ಮುಂದೆ ಎತ್ತರದ ಲಾರಿ ತಡೆಯಲು ಕಬ್ಬಿಣದ ಕಮಾನು ಇತ್ತು. ಅದಕ್ಕೆ ಕಡ್ಡಿ ತಗಲುತ್ತದೆಂದು ದಿನವೂ ಎರಡು ಕಿಲೋಮೀಟರ್ ಸುತ್ತಿ ಮನೆಗೆ ಬರುತ್ತಿದ್ದ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಳೆ ಸುರಿಯಿತು. ಗಂಡಹೆಂಡತಿ ಯಲಹಂಕದಿಂದ ಬರುವಾಗ ಟ್ರಾಫಿಕ್ ಅವರನ್ನು ಅದೇ ಅಂಡರ್‌ಪಾಸಿನ ಬಾಯಿಗೆ ತಂದು ನಿಲ್ಲಿಸಿತು. ಕೆಳಗೆ ನೀರು ತುಂಬಿತ್ತು. ನಡುವೆ ಗಾರ್ಮೆಂಟ್ಸ್ ಹೆಂಗಸರ ವ್ಯಾನೊಂದು ಕೆಟ್ಟು ನಿಂತು, ಒಳಗಿದ್ದವರು ಸೀಟಿನ ಮೇಲೆ ಹತ್ತಿ ಕೂಗುತ್ತಿದ್ದರು. ಮೇಲಿದ್ದ ಜನ ಆಂಟೆನಾ ಕಂಡು ಓಡಿ ಬಂದರು.

"ಸಾರ್, ವೈರ್‌ಲೆಸ್‌ನಲ್ಲಿ ಹೇಳಿ ಸಾರ್! ಬೇಗ ಯಾರನ್ನಾದ್ರೂ ಕಳ್ಸಕ್ಕೆ ಹೇಳಿ!"

ಹತ್ತಿಪ್ಪತ್ತು ಮುಖಗಳು ಕಿಟಕಿಗೆ ಅಂಟಿಕೊಂಡವು. ಚನ್ನಕೇಶವನ ಕೈ ತಾನಾಗಿಯೇ ಮೈಕಿಗೆ ಹೋಯಿತು. "ಹಲೋ ಕಂಟ್ರೋಲ್, ಕಂಟ್ರೋಲ್... ಅಂಡರ್‌ಪಾಸ್‌ನಲ್ಲಿ ವ್ಯಾನ್ ಸಿಕ್ಕಾಕೊಂಡಿದೆ. ಅರ್ಜೆಂಟ್. ಓವರ್." ಕಿಟಕಿ ಹೊರಗಿನ ಫೋನುಗಳು ವಿಡಿಯೋ ಹಿಡಿದವು. "ಹೇಳಾಯ್ತು, ಬರ್ತಾರೆ ಬಿಡ್ರಪ್ಪಾ" ಎಂದು ಜನ ನೆಮ್ಮದಿಯಿಂದ ಹಿಂದೆ ಸರಿದರು. ಅಲ್ಲಿಯವರೆಗೆ ಫೋನಿನಲ್ಲಿ ಸಹಾಯಕ್ಕೆ ಪ್ರಯತ್ನಿಸುತ್ತಿದ್ದ ಇಬ್ಬರೂ ಫೋನು ಜೇಬಿಗಿಟ್ಟರು.

ಚನ್ನಕೇಶವ ಮೈಕು ಹಿಡಿದೇ ಅದನ್ನು ನೋಡಿದ. ನೀರು ವ್ಯಾನಿನ ಕಿಟಕಿಯ ಅಂಚಿಗೆ ಬಂದಿತ್ತು.

ವೆಂಕಟಲಕ್ಷ್ಮಮ್ಮ ಗಂಡನ ಕೈಯಿಂದ ಮೈಕು ಕಿತ್ತುಕೊಂಡಳು. "ಅಲ್ ಎಂಗಸ್ರು ಮುಳುಗ್ತಾವ್ರೆ, ನೀವು ಇಂಗೆ ಆಟ ಆಡ್ಕಂಡ್ ಕೂತಿದೀರಲ್ರೀ! ಗಾಡಿ ಇಳ್ಸಿ."

"ಕಮಾನು ಐತೆ ಕಣೇ, ಕಡ್ಡಿ..."

"ಕಡ್ಡಿಗೆ ಬೆಂಕಿ ಬೀಳ. ಇಳ್ಸ್ರೀ!"

ಕ್ಲಬ್ಬಿನವರು ಕೊಟ್ಟಿದ್ದ, ಸಿಕ್ಕಿಬಿದ್ದ ಗಾಡಿ ಎಳೆಯುವ ಪಟ್ಟಿ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಅವಳು ಕವರನ್ನು ಹಲ್ಲಿನಿಂದ ಹರಿದಳು. ಚನ್ನಕೇಶವ ಶೋರೂಮು ಬಿಟ್ಟ ಮೇಲೆ ಒಮ್ಮೆಯೂ ಮುಟ್ಟದ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಇನ್ನೊಂದು ಗೇರ್ ಲಿವರನ್ನು ಎಳೆದು, ಹಿಮ್ಮುಖವಾಗಿ ನೀರಿಗಿಳಿದ. ಕಡ್ಡಿ ಕಮಾನಿನ ಕೆಳಗೆ ಬಾಗಿ ನುಸುಳಿತು. ಇಬ್ಬರು ಗಂಡಸರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ಪಟ್ಟಿ ಕಟ್ಟಿದರು. ಜೀಪು ಮೊದಲು ಜಾರಿತು, ಆಮೇಲೆ ನೆಲ ಕಚ್ಚಿ ಎಳೆಯಿತು. ಮಿಕ್ಕವರೂ ನೀರಿಗಿಳಿದು ಹಿಂದಿನಿಂದ ವ್ಯಾನು ತಳ್ಳಿದರು. ಮೇಲೇರುವಾಗ ಆಂಟೆನಾ ಕಮಾನಿನ ಕಬ್ಬಿಣಕ್ಕೆ ಸಿಕ್ಕಿ ಲಟಕ್ಕನೆ ಮುರಿಯಿತು. ಅವನು ಬ್ರೇಕ್ ಒತ್ತಲಿಲ್ಲ. ವ್ಯಾನು ನೀರು ಸುರಿಸುತ್ತ ಮೇಲೆ ಬಂತು. ಹದಿನಾರು ಹೆಂಗಸರು ಇಳಿದರು. ಒಬ್ಬಾಕೆ ವೆಂಕಟಲಕ್ಷ್ಮಮ್ಮನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಚನ್ನಕೇಶವ ಸ್ಟೀರಿಂಗ್ ಹಿಡಿದ ಕೈ ಸಡಿಲಿಸಲಾಗದೆ ಕೂತಿದ್ದ. ಮನಸ್ಸು ಎಂದೂ ಇಲ್ಲದಷ್ಟು ಹಗುರಾಗಿತ್ತು.

ಎಳೆದದ್ದನ್ನು ಯಾರೂ ವಿಡಿಯೋ ಮಾಡಿರಲಿಲ್ಲ. ಎಲ್ಲರೂ ವ್ಯಾನು ತಳ್ಳುತ್ತಿದ್ದರು. ವಿದ್ಯಾರಣ್ಯಪುರದಿಂದ ಹೆಬ್ಬಾಳದವರೆಗೆ ಫೋನಿನಿಂದ ಫೋನಿಗೆ ಹರಿದಾಡಿದ್ದು ಅವನು ಮೈಕಿನಲ್ಲಿ ಮಾತಾಡಿದ ವಿಡಿಯೋ.

ನವೆಂಬರಿನ ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘದವರು ಅವನಿಗೆ ಪೇಟ ತೊಡಿಸಿ, "ಸಕಾಲಕ್ಕೆ ವೈರ್‌ಲೆಸ್ ಸಂದೇಶ ನೀಡಿ ಹದಿನಾರು ಜೀವ ಉಳಿಸಿದ ಮಹನೀಯ" ಎಂದು ಫಲಕ ಓದಿದರು. ಚನ್ನಕೇಶವ ಮೈಕಿನ ಮುಂದೆ ನಿಂತ.

"ನನ್ನ ಗಾಡೀಲಿ ವೈರ್‌ಲೆಸ್ಸೇ ಇರ್ಲಿಲ್ಲ" ಎಂದ. "ಬರೀ ಕಡ್ಡಿ ಇತ್ತು. ಮಾತಾಡಿದ್ದು ಸುಳ್ಳು. ಎಳೀರಿ ಅಂತ ಹೇಳಿದ್ದು ನನ್ನ ಹೆಂಡ್ತಿ."

ಸಭೆಯಲ್ಲಿ ಕಿವಿಗಡಚಿಕ್ಕುವಂತೆ ಚಪ್ಪಾಳೆ ಬಿತ್ತು. "ನೋಡಿ, ದೊಡ್ಡವರ ವಿನಯ!" ಎಂದು ನಿರೂಪಕ ಕೂಗಿ ಇನ್ನೊಂದು ಹಾರ ತರಿಸಿದ. ಮೊದಲ ಸಾಲಿನಲ್ಲಿದ್ದ ಆವಲಪ್ಪ ಎದ್ದು ಬಂದು ಕಿವಿಯಲ್ಲಿ ಕೇಳಿದ: "ಎಂಟಡೀದು ಎಲ್ಲಿ ಸಿಕ್ತು ಗುರು?"

ಮನೆಗೆ ಹೋಗುವಾಗ ಅಂಡರ್‌ಪಾಸಿನ ನೇರ ದಾರಿಯಲ್ಲೇ ಗಾಡಿ ಇಳಿಯಿತು.

"ನಿಜ ಹೇಳ್ದೆನಲ್ಲ ಲಕ್ಷ್ಮೀ" ಎಂದ ಚನ್ನಕೇಶವ. "ಯಾರಿಗೂ ಕೇಳಿಸ್ಲೇ ಇಲ್ಲ."

"ನಂಗೆ ಕೇಳುಸ್ತು ಬುಡಿ" ಎಂದು ವೆಂಕಟಲಕ್ಷ್ಮಮ್ಮ ಅವನ ತಲೆಯ ಮೇಲಿನ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡಳು.