ಎರಡು ಡಬ್ಬಿ

ಜಲಜಕ್ಕ ಚಾಪೆಯನ್ನು ಸುತ್ತಿ ಬಿಗಿದಳು. ತಮ್ಮ ಲೋಕನಾಥನ ದಿಂಬು, ಹೊದಿಕೆ, ಖಾಕಿ ಅಂಗಿ ಎಲ್ಲ ಅದರೊಳಗೆ ಸೇರಿತು. ಸತ್ತವರು ಹಾಸಿದ್ದು, ಉಟ್ಟದ್ದು, ತಿಂದ ಮದ್ದು ಯಾವುದೂ ಮನೆಯಲ್ಲಿ ಉಳಿಯಬಾರದು, ಹೆಣದ ಹಿಂದೆಯೇ ಹೋಗಬೇಕು. ಕೊನೆಗೆ ಕಪಾಟಿಗೆ ಕೈಹಾಕಿ ಎರಡು ಬಿಳಿ ಡಬ್ಬಿಗಳನ್ನು ತೆಗೆದು ಸುರುಳಿಯೊಳಗೆ ತುರುಕಿದಳು.

ಮೂಲೆಯಲ್ಲಿ ಕೂತಿದ್ದ ಲೋಕನಾಥನ ಹೆಂಡತಿ ಕಾಂತಿ ಅದನ್ನು ನೋಡಿದಳು. ಒಂದು ಡಬ್ಬಿ ಅವಳ ಗಂಡನದ್ದು. ಇನ್ನೊಂದು ಅವಳದ್ದು. ನೆರೆಯವರ ಕಣ್ಣಿಗೆ ಬೀಳಬಾರದೆಂದು ಗಂಡ ಹೆಂಡತಿ ಸೇರಿಯೇ ಎರಡರ ಚೀಟಿಯನ್ನೂ ಕಿತ್ತು ಹಾಕಿದ್ದರು.

ಅಂಗಳದಲ್ಲಿ ಚಿತೆಯ ಸೌದೆಗೆ ಕಾಯುತ್ತಿದ್ದರು. ಬಿ.ಸಿ.ರೋಡ್–ಬೆಳ್ತಂಗಡಿ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಡ್ರೈವರ್ ಲೋಕನಾಥನಿಗೆ ಕಂಡಕ್ಟರ್ ಆಗಿದ್ದ ಮಮ್ಮು ಹೆಣದ ಕಾಲ ಬಳಿ ನಿಂತಿದ್ದ. ಪುಂಜಾಲಕಟ್ಟೆಯ ತಿರುವಿನಲ್ಲಿ ಯಾರಾದರೂ ಓಡಿ ಬರುವುದು ಕಂಡರೆ ಲೋಕನಾಥ ಬಸ್ಸು ನಿಲ್ಲಿಸಿಬಿಡುತ್ತಿದ್ದನಂತೆ. ಟೈಮ್ ಹೋಗುತ್ತದೆಂದು ಮಮ್ಮು ಸಿಟ್ಟಾಗುತ್ತಿದ್ದ.

"ಇವತ್ತೂ ಲೇಟು," ಎಂದ ಮಮ್ಮು. "ಯಾರೋ ಓಡಿ ಬರ್ತಾ ಇದ್ದಾರೆ ಅಂತ ಕಾಯ್ತಾ ಇದ್ದಾನೆ ಮಾರಾಯ್ರೆ."

ಕೆಲವರು ನಕ್ಕರು. ಜಲಜಕ್ಕ ನಗಲಿಲ್ಲ. ಒಂದು ತಿಂಗಳು ತಮ್ಮನ ಆರೈಕೆ ಮಾಡಿದವಳು ಅವಳು. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ಮೈ ಬಡವಾಗಿದ್ದರೂ ನಡೆದಾಡಿಕೊಂಡಿದ್ದ, ಆ ಮದ್ದು ಶುರುವಾದ ಮೇಲೆಯೇ ಮಲಗಿದ್ದು. ವಾಸಿ ಮಾಡುವುದಕ್ಕೂ ಮದ್ದೆನ್ನುತ್ತಾರೆ, ಆಗದವರು ಅನ್ನದಲ್ಲಿ ಬೆರೆಸುವುದಕ್ಕೂ ಮದ್ದೆನ್ನುತ್ತಾರೆ. ಅವಳ ಬಾಯಲ್ಲಿ ಅದು ಎರಡನೆಯದರ ಹಾಗೆಯೇ ಕೇಳಿಸುತ್ತಿತ್ತು.

* * *

ಇಬ್ಬರಿಗೂ ಎಚ್‌ಐವಿ ಎಂದು ಗೊತ್ತಾದ ದಿನ, ಆಸ್ಪತ್ರೆಯಲ್ಲಿ ಸಲಹೆ ಕೊಡುವ ರಾಫಿಯಾ ಮೇಡಂ ಕೇಳಿದ್ದರು, ಕೆಮ್ಮು ಉಂಟಾ, ರಾತ್ರಿ ಬೆವರುತ್ತದಾ ಎಂದು.

"ಬಸ್ಸಿನ ಧೂಳು ಮೇಡಂ," ಎಂದಿದ್ದ ಲೋಕನಾಥ. ಕ್ಷಯ ಅಂದರೆ ಸ್ಟೇರಿಂಗ್ ಕೈತಪ್ಪುತ್ತದೆಂಬ ಹೆದರಿಕೆ. ಪರೀಕ್ಷೆಗೆ ಕಫ ಕೇಳಿದ್ದಕ್ಕೆ ಬರೀ ಉಗುಳು ತುಂಬಿಸಿ ಕೊಟ್ಟ. ದಿನಾ ಬೆಳಿಗ್ಗೆ ಅವನ ಒದ್ದೆ ಬನಿಯನ್ ಹಿಂಡುತ್ತಿದ್ದವಳು ಕಾಂತಿ. ಮೇಡಂ ಅವಳ ಮುಖ ನೋಡಿದರು. ಹೊಸಬರ ಎದುರು ನಾಲಿಗೆ ಹೊರಳದ ಕಾಂತಿ ನೆಲ ನೋಡಿದಳು.

ಎಚ್‌ಐವಿಯ ಮದ್ದು ತೊಡಗಿದ ಮೊದಲ ಎರಡು ವಾರ ಅವನು ಹೊಟ್ಟೆ ತುಂಬ ಉಂಡ, ಡ್ಯೂಟಿಗೂ ಹೋದ. ಮೂರನೆಯ ವಾರ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು, ಜ್ವರ ಇಳಿಯಲಿಲ್ಲ, ಉಸಿರು ಸಾಲಲಿಲ್ಲ.

ರಾಫಿಯಾ ಮೇಡಂ ಕಾಂತಿಯನ್ನು ಬೆಂಚಿನ ಮೇಲೆ ಕೂರಿಸಿ ಬಿಡಿಸಿ ಹೇಳಿದರು. ಕ್ಷಯ ಮೊದಲೇ ಒಳಗೆ ಅಡಗಿತ್ತು. ಅದರ ಮೇಲೆ ಬೀಳುವ ತ್ರಾಣ ದೇಹಕ್ಕೆ ಇರಲಿಲ್ಲ. ಮದ್ದಿನಿಂದ ತ್ರಾಣ ಬಂದದ್ದೇ ಜಗಳ ಹತ್ತಿಕೊಂಡಿತು, ಜಗಳದಲ್ಲಿ ಜಖಂ ಆದದ್ದು ಮನೆ, ಅಂದರೆ ಅವನ ದೇಹವೇ. ಅಡಗುವ ರೋಗ ದೇಶಕ್ಕೊಂದು ಬಗೆಯಂತೆ. ಕೆಲವು ಕಡೆ ಮಿದುಳಿಗೆ ಹತ್ತುವ ಬೂಷ್ಟು, ನಮ್ಮಲ್ಲಿ ಹೆಚ್ಚಾಗಿ ಕ್ಷಯ.

"ಮೊದಲೇ ಗೊತ್ತಾಗಿದ್ರೆ ಮೊದಲು ಅದಕ್ಕೆ ಮದ್ದು ಕೊಡಬಹುದಿತ್ತು," ಎಂದು ಮೇಡಂ ನಿಟ್ಟುಸಿರು ಬಿಟ್ಟರು. ನಿನ್ನದನ್ನು ಒಂದು ದಿನವೂ ತಪ್ಪಿಸಬೇಡ ಎಂದೂ ಹೇಳಿದರು.

* * *

ಸೌದೆ ಬಂತು. ಗಂಡಸರು ಹೆಣ ಎತ್ತಲು ಬಗ್ಗಿದರು. ಜಲಜಕ್ಕನ ಗಂಡ ಶಂಭು ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿದ.

ಕಾಂತಿ ಎದ್ದು ಅಂಗಳಕ್ಕೆ ಇಳಿದಳು. ಬಿದ್ದುಬಿಡುತ್ತಾಳೆಂದು ಇಬ್ಬರು ಹೆಂಗಸರು ಓಡಿಬಂದು ತೋಳು ಹಿಡಿದರು.

"ಭಾವ, ಅದನ್ನು ಇಳಿಸಿ. ಅದರಲ್ಲಿ ನನ್ನ ಮದ್ದು ಉಂಟು."

"ನಿನಗೆ ಯಾವ ಮದ್ದು?" ಜಲಜಕ್ಕ ಕೇಳಿದಳು.

"ಅವರದ್ದೇ. ಅವರ ಕಾಯಿಲೆಯೇ ನನಗೂ."

ತೋಳು ಹಿಡಿದಿದ್ದ ಕೈಗಳು ಸಡಿಲವಾದವು.

"ಆ ಮದ್ದು ಅವನನ್ನು ತಿಂದದ್ದು ಸಾಲ್ಲಿಲ್ವಾ? ನೀನೂ ಹೋಗ್ಬೇಕಾ?" ಜಲಜಕ್ಕನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

"ತಿಂದದ್ದು ಮದ್ದಲ್ಲ ಅಕ್ಕ, ಆ ಕೆಮ್ಮು. ಆರು ತಿಂಗಳಿಂದ ನನಗೆ ಗೊತ್ತಿತ್ತು. ಕೇಳಿದಾಗ ನಾನು ಬಾಯಿ ಬಿಡ್ಲಿಲ್ಲ."

ಶಂಭು ಸುರುಳಿಯನ್ನು ಕೆಳಗಿಳಿಸಿದ. ಮಮ್ಮು ಬಂದು ಸುರುಳಿಯಿಂದ ಎರಡೂ ಡಬ್ಬಿ ಎಳೆದು, ಯಾವುದು ತಂಗೀ ಎಂದು ಕೇಳಿದ. ಕಾಂತಿ ತುಂಬಿದ್ದನ್ನು, ಮೊನ್ನೆಯಷ್ಟೇ ಆಸ್ಪತ್ರೆಯಿಂದ ತಂದದ್ದನ್ನು, ತೋರಿಸಿದಳು. ಅವನು ಅದನ್ನು ಅವಳ ಅಂಗೈಯಲ್ಲಿಟ್ಟು, ಇನ್ನೊಂದನ್ನು ಚಾಪೆಯೊಳಗೆ ತಿರುಗಿ ಇಟ್ಟ.

ಹೆಣ ಗುಡ್ಡದ ಕಡೆ ಹೊರಟಿತು. ಜಲಜಕ್ಕ ಮೆಟ್ಟಿಲ ಮೇಲೆ ಕುಸಿದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಕುಲುಕಿದವು. ಅಳುತ್ತಾಳೆಂದು ಎಲ್ಲರೂ ಬಿಟ್ಟರು. ಕಾಂತಿ ಮಾತ್ರ ಪಕ್ಕದಲ್ಲಿ ಕೂತು ಕಿವಿಗೊಟ್ಟಳು.

"ಎಷ್ಟು ದಿನದಿಂದ ಅಕ್ಕ?"

"ಹೊಗೆ," ಎಂದಳು ಜಲಜಕ್ಕ, ಕೆಮ್ಮನ್ನು ನುಂಗುತ್ತ.

ಅಂಗಳದಲ್ಲಿ ಹೊಗೆ ಇರಲಿಲ್ಲ. ಚಿತೆಗೆ ಇನ್ನೂ ಬೆಂಕಿ ಇಟ್ಟಿರಲಿಲ್ಲ.