ಕೇಳಿದ್ದು ಹೊಗೆಕೊಳವೆ

ಒಲೆಯ ಹೊಗೆ ಹೊರಗೆ ಹೋಗಲು ಚಾವಣಿಗೊಂದು ಕೊಳವೆ ಹಾಕಿಸಿಕೊಡಿ ಎಂದು ಕೇಳಿದ್ದೆವು. ಬಂದದ್ದು ರೊಟ್ಟಿ ಮಷಿನ್ನು!

ಲಕಮನಹಳ್ಳಿಯಲ್ಲಿ ಹತ್ತಿ ವ್ಯಾಪಾರಿ ಗುರುಪಾದಪ್ಪನವರ ಗೋದಾಮಿನ ಹಿಂದಿನ ಕೋಣೆಯಲ್ಲಿ ನಾವು ಐದು ಮಂದಿ ಹೆಂಗಸರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇವೆ. ಆ ಕೋಣೆಗೆ ಅವರು ಎಂದೂ ಬಾಡಿಗೆ ಕೇಳಿದವರಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ. ಮಷಿನ್ನು ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ಬಾಯಿಬಡುಕಿ ಎಂದು ಹೆಸರಾದ ನನಗೂ.

"ಈರವ್ವಾ, ಇನ್ನ ನಿಮ್ಮ ಕಷ್ಟ ತೀರ್ತು ನೋಡ್ರಿ," ಎನ್ನುತ್ತ ಗುರುಪಾದಪ್ಪನವರು ಗುಂಡಿ ಒತ್ತಿದರು. ಹಿಟ್ಟಿನ ಉಂಡೆ ಒಳಗೆ ಹೋಯಿತು, ರೊಟ್ಟಿ ಹೊರಗೆ ಬಂತು. "ಇಬ್ಬರಿದ್ರ ಸಾಕು. ಉಳದವರು ಆರಾಮ ಮನ್ಯಾಗಿರ್ಲಿ."

ಆರಾಮವಂತೆ, ಆರಾಮ! ನಮ್ಮ ರೇಣವ್ವನ ಗಂಡ ಹಾಸಿಗೆ ಹಿಡಿದಿದ್ದಾನೆ. ಇವಳು ಇಲ್ಲಿ ರೊಟ್ಟಿ ಬಡಿದರೆ ಅಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ. ಮಷಿನ್ನು ನಡೆಸಲು ಚುರುಕು ಕಣ್ಣು ಬೇಕು. ಅವಳ ಕಣ್ಣನ್ನು ಈ ಹೊಗೆಯೇ ತಿಂದುಹಾಕಿದೆ. ಕೆಲಸದಿಂದ ಬಿಡಿಸುವುದಾದರೆ ಮೊದಲು ಅವಳನ್ನೇ ಬಿಡಿಸಬೇಕು. ಅದು ಅವಳಿಗೂ ಗೊತ್ತಿತ್ತು.

ಮಷಿನ್ನಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆವು. ಫೋಟೋ ತೆಗೆದರು. ಹೊರಡುವ ಹೊತ್ತಿಗೆ ಗುರುಪಾದಪ್ಪನವರ ಸೊಸೆ ಸೌಮ್ಯಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಈರವ್ವಾರ, ನಮ್ಮ ಮಾವಾರಿಗೆ ಮಷಿನ್ ರೊಟ್ಟಿ ಸೇರೂದಿಲ್ರಿ. ಕೈಲೆ ಬಡದಿದ್ದ ಬೇಕು. ಒಂದ ಹತ್ತು ಬಡದ ಕೊಡ್ತೀರೇನು?"

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರೇಣವ್ವ, "ನಾ ಬಡಿತೇನ್ರಿ ಅಕ್ಕಾರ!" ಎಂದು ಒಲೆಯ ಮುಂದೆ ಕುಳಿತೇಬಿಟ್ಟಳು.

ಕಟ್ಟಿಗೆ ಹಸಿ ಇತ್ತು. ಸೌಮ್ಯಾ ಕೆಮ್ಮುತ್ತ ಹೊರಗೆ ಹೋಗಿ ನಿಂತಳು. ರೇಣವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಹಬ್ಬದ ಅಡಿಗೆಗೆ ಕುಳಿತವಳ ಹಾಗೆ ಖುಷಿಯಿಂದ ಬಡಿಯುತ್ತಿದ್ದಳು. ಅಷ್ಟು ತೆಳ್ಳಗಿನ ರೊಟ್ಟಿಯನ್ನು ಅವಳೂ ಎಂದೂ ಮಾಡಿರಲಿಲ್ಲ. ಕೊನೆಯದನ್ನು ಹಂಚಿಗೆ ಹಾಕಿ ನನ್ನತ್ತ ತಿರುಗಿದಳು.

"ಈರಕ್ಕಾ, ಸಾವಕಾರ್ರಿಗೇ ಕೈರೊಟ್ಟಿ ಬೇಕಂದ್ರ, ಇನ್ನ ನನ್ನ ಬಿಡಸೂದಿಲ್ಲ, ಹೌದಿಲ್ಲೋ?"

ಒಂದು ಮನೆಯವರು ಉಣ್ಣುವ ರೊಟ್ಟಿಯಿಂದ ಇವಳ ಸಂಸಾರ ನಡೆದೀತೇ?

"ರೊಟ್ಟಿ ಸೀಯಾಕತ್ತೈತಿ ನೋಡವಾ," ಎಂದೆ.

ಅವಳು ಗಡಬಡಿಸಿ ಹಂಚಿಗೆ ಕೈಹಾಕಿದಳು. ರೊಟ್ಟಿ ಸೀದಿರಲಿಲ್ಲ.