ಕಂಬಿ ಹಿಡಿದು ನಡೆದ ನೇಕಾರ

ನಾನು ನಡಿಗೆ ಕಲಿಸುವ ಜೋಡಿ ಕಂಬಿ. ಕಲಿಸುವ ಎಂದದ್ದು ಹೆಚ್ಚಾಯಿತೇನೋ. ನಾನು ನಿಂತಿರುತ್ತೇನೆ, ಅಷ್ಟೇ. ಬಾಗಲಕೋಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಪೈಪಿಗೆ ನಾಲ್ಕು ಕಾಲು ಜೋಡಿಸಿ, ಹಸಿರು ಬಣ್ಣ ಬಳಿದು ನನ್ನನ್ನು ಮಾಡಿದರು. "ಎಮ್ಮಿ ಕಟ್ಟಾಕೇನ್ರಿ?" ಎಂದು ವೆಲ್ಡರ್ ಕೇಳಿದ್ದ.

ನನ್ನನ್ನು ಮಾಡಿಸಿದವರು ಅಲ್ಲಿಯ ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಸುನಂದಾ ಹಂಪಿಹೊಳಿ. ಅವರ ಕೆಲಸವೆಂದರೆ ಮಾಲೀಸು ಎಂದೇ ಆಗ ಜನ ತಿಳಿದಿದ್ದರು. ಅವರು ಮಂಡಿ ಎಷ್ಟು ಮಡಚುತ್ತದೆಂದು ಅಳೆದು ಬರೆದಿಡುತ್ತಿದ್ದರು. ಮುರಿದು ಕೂಡಿದ ಕೈಗೆ ಮತ್ತೆ ಹಿಡಿತ ಕಲಿಸುತ್ತಿದ್ದರು. ನಿಲ್ಲಲು ತಡಮಾಡಿದ ಕೂಸುಗಳನ್ನು ನನ್ನ ನಡುವೆ ನಿಲ್ಲಿಸುತ್ತಿದ್ದರು. ಮಾತ್ರೆ ಕೊಡುತ್ತಿರಲಿಲ್ಲ, ಅದಕ್ಕೇ ಜನಕ್ಕೆ ಅನುಮಾನ.

ಒಮ್ಮೆ ಗುಳೇದಗುಡ್ಡದಿಂದ ರವಿಕೆಯ ಖಣ ನೇಯುವ ಚನ್ನಮಲ್ಲಪ್ಪ ಬಂದರು. ಲಕ್ವ ಹೊಡೆದು ಎಡಗಾಲು ಸೋತಿತ್ತು. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಹಲಗೆ ತುಳಿಯಲಾಗದಿದ್ದರೆ ಅವರ ಕಸುಬೇ ಮುಗಿದಂತೆ. ಆದರೂ ನಡೆಯಲು ಒಲ್ಲರು. ಮನೆಯಲ್ಲಿ ಹೆಂಡತಿ ಪಾರವ್ವ ನೀರಿನ ತಂಬಿಗೆಯನ್ನೂ ಬಾಯಿಗೆ ಹಿಡಿಯುತ್ತಿದ್ದರಂತೆ.

"ಕರೆಂಟ್ ಕೊಡ್ರಿ ಮೇಡಮ್ಮಾರ, ಕಾಲು ತಾನ ಏಳತೈತಿ."

"ಕರೆಂಟಿಗೆ ಓಡೂದು ಪವರ್‌ಲೂಮ್ ಕಾಕಾ. ನಿಮ್ಮದು ಕೈಮಗ್ಗ ಅಲ್ಲೇನು?"

ಪಾರವ್ವ ಬಾಯಿಗೆ ಸೆರಗು ಹಿಡಿದು ನಕ್ಕರು. ಕೈಮಗ್ಗದವರ ಮುಂದೆ ಪವರ್‌ಲೂಮಿನ ಮಾತೇ! ಚನ್ನಮಲ್ಲಪ್ಪ ಸಿಟ್ಟಿನಲ್ಲೇ ಎದ್ದು ನನ್ನನ್ನು ಹಿಡಿದರು.

ಹಿಡಿದವರು ಬಿಡಲಿಲ್ಲ. ಮೈಭಾರವನ್ನೆಲ್ಲ ನನ್ನ ಮೇಲೆ ಹಾಕಿ ತೋಳಿನಿಂದಲೇ ನಡೆದರು. ನಾನು ಅಷ್ಟು ಗಟ್ಟಿಯಾಗಿ ನಿಂತದ್ದೇ ತಪ್ಪಾಯಿತೇ ಎಂದು ಇಂದಿಗೂ ಯೋಚಿಸುತ್ತೇನೆ.

"ಬಿಗಿ ಹಿಡೀಬ್ಯಾಡ್ರಿ, ಬೆರಳಷ್ಟ ಇಡ್ರಿ. ಒತ್ತೂದು, ಬಿಡೂದು. ಮಗ್ಗ ತುಳದಂಗ" ಎಂದರು ಸುನಂದಾ. ಪಾರವ್ವ ಎದುರಿನ ತುದಿಯಲ್ಲಿ ಕೂತು ಬಾಯಲ್ಲೇ ಮಗ್ಗದ ಸದ್ದು ಮಾಡತೊಡಗಿದರು: "ಟಕ್ಕು... ಟಕ್ಕು..." ನಾಲ್ಕು ತಿಂಗಳು ಹೀಗೆ ನಡೆಯಿತು. ಆಮೇಲೆ ಅವರು ಬರಲಿಲ್ಲ. ನನಗೆ ಕಳವಳ.

ಮರುವರ್ಷ ಒಂದು ಮಧ್ಯಾಹ್ನ ಚನ್ನಮಲ್ಲಪ್ಪ ಬಂದರು, ಕೋಲಿಲ್ಲದೆ; ಹಿಂದೆ ಪಾರವ್ವ. ಸುನಂದಾ ಅವರನ್ನು ಕೂರಿಸಿ ಎಡಗಾಲನ್ನು ಎತ್ತಿ ಅಂಗಾಲು ಮುಟ್ಟಿದರು. ಹೆಬ್ಬೆರಳ ಬುಡದಲ್ಲಿ ಹಲಗೆ ತುಳಿದ ಹೊಸ ಜಡ್ಡು.

"ಮಗ್ಗಕ್ಕ ಎಷ್ಟ ತಾಸು ಕೂಡ್ತೀರಿ ಕಾಕಾ?"

"ಇಕಿ ಬೈದು ಎಬ್ಬಸೂತನಕ."

ಸುನಂದಾ ನಿವೃತ್ತರಾಗಿ ಬಹಳ ಕಾಲವಾಯಿತು. ಎತ್ತರ ಏರಿಸಿ ಇಳಿಸುವ ಹೊಸ ಕಂಬಿಗಳು ಬಂದಿವೆ. ನಾನು ಹಿತ್ತಲಲ್ಲಿದ್ದೇನೆ, ಮೈಮೇಲೆ ಒಗೆದ ಟವೆಲುಗಳು. ಹೆಸರುಗಳು ಮರೆಯುತ್ತಿವೆ, ಪಾದಗಳು ನೆನಪಿವೆ. ಗಾಲಿಕುರ್ಚಿಯಿಂದ ಎದ್ದವರು ಮೊದಲು ಹಿಡಿಯುತ್ತಿದ್ದ ತುದಿಯಲ್ಲಿ ನನ್ನ ಬಣ್ಣ ಪೂರಾ ಸವೆದು ಕಬ್ಬಿಣ ಕಾಣುತ್ತದೆ. ಬೆರಳಷ್ಟೇ ತಾಗಿಸಿ ತಲುಪುತ್ತಿದ್ದ ಆಚೆ ತುದಿ ಇನ್ನೂ ಹಸಿರಾಗಿದೆ.